ಮರ ನೆಟ್ಟವರು ಮರ ಕಡಿಯುವುದನ್ನೂ ಕಲಿಯಬೇಕು: ಕರಾವಳಿಯ ಮರದ ತೋಟಕ್ಕೊಂದು ಸಮಗ್ರ ಮಾರ್ಗದರ್ಶಿ

ಕಾರ್ಕಳದ ಹತ್ತಿರ ನಮ್ಮ ಮನೆಯ ಹಿಂದಿನ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಅಪ್ಪ 1996ರಲ್ಲಿ ಎರಡು ಎಕರೆ ಸಾಗುವಾನಿ ನೆಟ್ಟರು. ಎಕರೆಗೆ ಸಾವಿರ ಗಿಡ. ಸಸಿ ಮಾರಿದವರು ಗುಂಡಿಯ ಅಳತೆ ಹೇಳಿದರು, ಗೊಬ್ಬರದ ಲೆಕ್ಕ ಹೇಳಿದರು, ಇಪ್ಪತ್ತು ವರ್ಷದ ಬಳಿಕ ಬರುವ ಹಣದ ಲೆಕ್ಕವನ್ನಂತೂ ಬರೆದೇ ಕೊಟ್ಟರು. ಐದಾರು ವರ್ಷಕ್ಕೆ ಅದರಲ್ಲಿ ಅರ್ಧ ಗಿಡ ಕಡಿಯಬೇಕು ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ. 2014ರಲ್ಲಿ ನಾನು ಟೇಪು ಹಿಡಿದು ತೋಟಕ್ಕೆ ಇಳಿದೆ. ಅಂಚಿನ ಸಾಲಿನ ಮರದ ಸುತ್ತಳತೆ ಎದೆಯೆತ್ತರದಲ್ಲಿ 36 ಇಂಚು. ಅಲ್ಲಿಂದ ಹತ್ತು ಹೆಜ್ಜೆ ಒಳಗೆ ಹೋದರೆ 16 ಇಂಚು. ಒಂದೇ ದಿನ ನೆಟ್ಟ ಗಿಡಗಳು, ಒಂದೇ ಮಣ್ಣು, ಒಂದೇ ಮಳೆ. ಅಂಚಿನದಕ್ಕೆ ಒಂದು ಬದಿಯಿಂದಾದರೂ ಬಿಸಿಲು ಸಿಕ್ಕಿತ್ತು, ಒಳಗಿನವು ಹದಿನೆಂಟು ವರ್ಷ ಒಂದರ ಕುತ್ತಿಗೆ ಒಂದು ಹಿಡಿದು ನಿಂತಿದ್ದವು.

ಉಡುಪಿ, ದಕ್ಷಿಣ ಕನ್ನಡದಲ್ಲಿ ಒಂದರಿಂದ ಹತ್ತು ಎಕರೆ ಗುಡ್ಡೆ ಜಾಗ ಇಟ್ಟುಕೊಂಡು ‘ಕೂಲಿಯಾಳು ಸಿಗುವುದಿಲ್ಲ, ಮರವನ್ನಾದರೂ ನೆಟ್ಟುಬಿಡೋಣ’ ಎಂದು ಯೋಚಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮರದ ತೋಟಕ್ಕೆ ಅಡಿಕೆಯಷ್ಟು ದುಡಿಮೆ ಬೇಡ ನಿಜ. ಆದರೆ ನೆಟ್ಟು ಮರೆತುಬಿಡುವ ಬೆಳೆ ಇದಲ್ಲ.

ಗುದ್ದಲಿಗೆ ಮೊದಲು ಕಾಗದ

ನಮ್ಮ ಜಿಲ್ಲೆಗಳ ಜಾಗದ ಕಥೆ ಬೇರೆ ಕಡೆಯಂತಲ್ಲ. ವರ್ಗ ಜಮೀನಿನ (ಪಟ್ಟಾ ಇರುವ ಸ್ವಂತ ಜಮೀನಿನ) ಸುತ್ತ ನೂರು ಗಜದೊಳಗೆ ಕುಮ್ಕಿ ಇರುತ್ತದೆ. ತಲೆಮಾರುಗಳಿಂದ ಸೊಪ್ಪು, ಸೌದೆ ತಂದ ಬಳಕೆಯಿಂದ ಅದು ನಮ್ಮದೇ ಎನ್ನಿಸಿಬಿಟ್ಟಿದೆ. ಆದರೆ ಅದು ಸರಕಾರದ ಭೂಮಿ, ನಮಗಿರುವುದು ಸವಲತ್ತು ಮಾತ್ರ. ಕುಮ್ಕಿಯಲ್ಲಿ ನೆಟ್ಟ ಸಾಗುವಾನಿಯನ್ನು ಮೂವತ್ತು ವರ್ಷ ಸಾಕಿ, ಕಡಿಯುವ ಹೊತ್ತಿಗೆ ‘ಈ ಮರ ನಿಮ್ಮದಲ್ಲ’ ಎಂಬ ಉತ್ತರ ಕೇಳುವ ಸಂಕಟ ಯಾರಿಗೂ ಬೇಡ. ಪಹಣಿ ತೆಗೆಸಿ, ಸರ್ವೆ ನಕ್ಷೆ ಇಟ್ಟುಕೊಂಡು ಗಡಿಗೆ ಕಲ್ಲು ಹಾಕಿಸಿ. ಅರಣ್ಯವೆಂದು ಘೋಷಿಸದಿದ್ದರೂ ಅರಣ್ಯವೆಂದೇ ಪರಿಗಣಿಸುವ ‘ಡೀಮ್ಡ್ ಫಾರೆಸ್ಟ್’ ಪಟ್ಟಿಯಲ್ಲಿ ನಿಮ್ಮ ಸರ್ವೆ ನಂಬರ್ ಇದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ.

ಅದೇ ಕಚೇರಿಯಲ್ಲಿ ಇನ್ನೊಂದನ್ನೂ ಕೇಳಿಕೊಳ್ಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಗಾಳಿಮರ, ರಬ್ಬರ್, ಸಿಲ್ವರ್ ಓಕ್‌ನಂತಹ ಕೆಲವಕ್ಕೆ ವಿನಾಯಿತಿ ಇದೆ. ಪಟ್ಟಿ ಕಾಲಕಾಲಕ್ಕೆ ಬದಲಾಗುವುದರಿಂದ ಕಡಿಯುವ ವರ್ಷ ಮತ್ತೊಮ್ಮೆ ವಿಚಾರಿಸಬೇಕು. ನೀವೇ ನೆಟ್ಟದ್ದು ಎಂಬುದಕ್ಕೆ ಮೊದಲ ದಿನದಿಂದಲೇ ದಾಖಲೆ ಬೇಕು: ಸಸಿಯ ರಶೀದಿ, ನಾಟಿಯ ದಿನದ ಫೋಟೊ, ಪಹಣಿಯ ಬೆಳೆ ಕಾಲಂನಲ್ಲಿ ನಮೂದು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿದರೆ ಸಸಿ ಅಗ್ಗದಲ್ಲಿ ಸಿಗುತ್ತದೆ, ಬದುಕಿ ಉಳಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ಹಣಕ್ಕಿಂತ ಹೆಚ್ಚಾಗಿ, ಅದು ಇಲಾಖೆಯ ಪುಸ್ತಕದಲ್ಲೇ ಉಳಿಯುವ ಸಾಕ್ಷಿ.

ಮೂರು ಗುಂಡಿ ತೋಡಿ ನೋಡಿ

ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ನಮ್ಮ ಹಿರಿಯರು ನೀರಿನ ಲೆಕ್ಕದಲ್ಲಿ ವಿಂಗಡಿಸಿದರು. ಮರದ ತೋಟಕ್ಕೂ ಅಂಥದ್ದೇ ವಿಂಗಡಣೆ ಬೇಕು. ಜಾಗದ ನೆತ್ತಿಯಲ್ಲಿ, ನಡುವಿನ ಇಳಿಜಾರಿನಲ್ಲಿ, ತಗ್ಗಿನಲ್ಲಿ ಒಂದೊಂದು ಗುಂಡಿಯನ್ನು ನಾಲ್ಕು ಅಡಿ ಆಳಕ್ಕೆ ತೋಡಿಸಿ, ಬದಿಯ ಮಣ್ಣನ್ನು ಕಣ್ಣಿಟ್ಟು ನೋಡಿ. ನಮ್ಮ ಪದವಿನ ನೆತ್ತಿಯಲ್ಲಿ ಹಾರೆ ಒಂದೂಕಾಲು ಅಡಿಗೇ ಠಣ್ ಎಂದಿತು. ಕೆಳಗೆಲ್ಲ ಗಟ್ಟಿ ಮುರಕಲ್ಲು, ಕೆಂಪು ಜಂಬಿಟ್ಟಿಗೆ. ಅಂಥಲ್ಲಿ ಸಾಗುವಾನಿ ಬೇರಿಳಿಸಲಾರದು. ಬದುಕುತ್ತದೆ, ಬೆಳೆಯುವುದಿಲ್ಲ.

ಸಾಗುವಾನಿ ತೋಟ ಎಂದಾಗ ಎಲ್ಲರೂ ಕೇರಳದ ನಿಲಂಬೂರಿನ ಉದಾಹರಣೆ ಕೊಡುತ್ತಾರೆ. ಅಲ್ಲಿ 1840ರ ದಶಕದಲ್ಲಿ ನೆಟ್ಟ ಮರಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಆದರೆ ಅವು ಬೆಳೆದದ್ದು ಚಾಲಿಯಾರ್ ನದಿ ತಂದು ಹಾಸಿದ ಆಳದ ಮೆಕ್ಕಲು ಮಣ್ಣಿನಲ್ಲಿ. ಸಾಗುವಾನಿಗೆ ಆಳದ ಮಣ್ಣು, ನೀರು ಬಸಿದು ಹೋಗುವ ಜಾಗ, ಸಾಕಷ್ಟು ಸುಣ್ಣದ ಅಂಶ ಬೇಕು. ನಮ್ಮದು ಮಳೆಯಲ್ಲಿ ತೊಳೆದು ಹೋದ ಹುಳಿ ಮಣ್ಣು. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟು ಕೃಷಿ ಸುಣ್ಣ ಕೊಟ್ಟರೆ ಇಳಿಜಾರಿನ ಕೆಳಭಾಗದಲ್ಲಿ ಸಾಗುವಾನಿ ಚೆನ್ನಾಗಿಯೇ ಬರುತ್ತದೆ. ನೆತ್ತಿಯಲ್ಲಿ ಎಷ್ಟು ಸುಣ್ಣ ಸುರಿದರೂ ಕಲ್ಲು ಕರಗುವುದಿಲ್ಲ.

ಗುಂಡಿ ತೋಡುವಾಗ ಮುರಕಲ್ಲಿನ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪಿನ ನುಣ್ಣನೆಯ ಮಣ್ಣು ಸಿಕ್ಕರೆ ಎಚ್ಚರ ಬೇಕು. ಅದು ಶೇಡಿ ಮಣ್ಣು. ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಜಾರುತ್ತದೆ. ಇಂಗುಗುಂಡಿ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಅಡಿಯಲ್ಲಿ ಶೇಡಿ ಇರುವ ಕಡಿದಾದ ಇಳಿಜಾರಿನಲ್ಲಿ ಸಾಲಾಗಿ ಇಂಗುಗುಂಡಿ ತೋಡುವುದೆಂದರೆ ಗುಡ್ಡದ ಹೊಟ್ಟೆಗೆ ನೀರು ತುಂಬಿದಂತೆ. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರು ನಮ್ಮದು. ಅಂಥ ಕಡೆ ಜೆಸಿಬಿಯಿಂದ ಮೆಟ್ಟಿಲು ಕಡಿಯುವುದೂ ಬೇಡ. ಕೈಯಲ್ಲಿ ಗುಂಡಿ ತೋಡಿ ಗಿಡ ನೆಡಿ, ನಡುವಿನ ಹುಲ್ಲನ್ನು ಹಾಗೆಯೇ ಬಿಡಿ.

ನೆಡದೆ ಬಿಡುವ ಜಾಗ

ನಕ್ಷೆಯಲ್ಲಿ ಮೊದಲು ಗುರುತು ಹಾಕಬೇಕಾದದ್ದು ಎಲ್ಲಿ ನೆಡುವುದಿಲ್ಲ ಎಂಬುದನ್ನು. ತೋಡಿನ, ಅಂದರೆ ಸಣ್ಣ ಹಳ್ಳದ, ಎರಡೂ ಬದಿ ಕನಿಷ್ಠ ಮೂವತ್ತು ಅಡಿ ಬಿಡಿ. ಅಲ್ಲಿ ತಾನಾಗಿ ಬೆಳೆದ ಹೊಂಗೆ, ನೇರಳೆ, ಬಿದಿರು, ಮುಂಡುಗ ನಿಲ್ಲಲಿ. ಮಳೆನೀರು ನಿಲ್ಲುವ ಮದಕವಿದ್ದರೆ ಅದರ ಮೇಲ್ಭಾಗದ ಇಳಿಜಾರಿನಲ್ಲಿ ಮಣ್ಣು ಕೆದಕಬಾರದು. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಬಾಯಿಯ ಮೇಲೂ ಹಾಗೆಯೇ. ನಾಗಬನವಿದ್ದರೆ ಅದು ಹೇಗೂ ಮುಟ್ಟುವ ಜಾಗವಲ್ಲ. ಅದರಾಚೆಗೂ ಒಂದಿಷ್ಟು ಅಗಲ ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಊರಿನ ಹಳೆಯ ಜಾತಿಯ ಮರಗಳ ಬೀಜ ಈಗ ಉಳಿದಿರುವುದು ಬಹುತೇಕ ಇಂಥ ಬನಗಳಲ್ಲೇ. ಬನದಿಂದಾಚೆ ತಾನಾಗಿ ಹುಟ್ಟುವ ಸಸಿಗಳಿಗೆ ಜಾಗ ಸಿಕ್ಕರೆ ನಿಮಗೆ ನರ್ಸರಿಯೇ ಬೇಕಾಗದು.

ವಿದ್ಯುತ್ ತಂತಿ, ನೆರೆಮನೆಯ ಗಡಿ, ದನ ಹೋಗುವ ದಾರಿ ಇವನ್ನೂ ಗುರುತು ಮಾಡಿ. ಮೂವತ್ತು ವರ್ಷದ ಮರ ಬಿದ್ದರೆ ಎಲ್ಲಿ ಬೀಳುತ್ತದೆ ಎಂದು ಯೋಚಿಸಿ ಗಿಡದ ಜಾಗ ನಿರ್ಧರಿಸಬೇಕು. ಕೊನೆಗೆ ಲಾರಿ ಬರುವ ದಾರಿಯನ್ನೂ ಈಗಲೇ ಬಿಟ್ಟುಕೊಳ್ಳಿ.

ಯಾವ ಮರ?

ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿ. ಅದಕ್ಕೆ ಕಾರಣ ಜಾಹೀರಾತು. ಒಂದು ಕಾಲಕ್ಕೆ ಸಾಗುವಾನಿ, ಆಮೇಲೆ ಅಕೇಶಿಯಾ, ಈಗ ಮಹಾಗನಿ ಮತ್ತು ಹೆಬ್ಬೇವು.

ಅಕೇಶಿಯಾ ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ, ಇಂಡೋನೇಷ್ಯಾ ಕಡೆಯ ಮರ. ಬೋಳು ಮುರಕಲ್ಲಿನ ಮೇಲೂ ಎದ್ದು ನಿಲ್ಲುತ್ತದೆ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ಎಂಟು ಹತ್ತು ವರ್ಷಕ್ಕೆ ಕಡಿಯಲು ಬರುತ್ತದೆ. ಈ ಗುಣಗಳನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಅದರ ತರಗೆಲೆ ಬೇಗ ಕೊಳೆಯುವುದಿಲ್ಲ, ಬೇಸಿಗೆಯಲ್ಲಿ ಹಾಸಿಟ್ಟ ಬೆಂಕಿಪೆಟ್ಟಿಗೆಯಂತೆ ಇರುತ್ತದೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿದ್ದು, ಬೆಂಕಿ ಬಿದ್ದ ಮೇಲೆ ಹಿಂಡುಹಿಂಡಾಗಿ ಮೊಳೆಯುತ್ತದೆ. ಬೇರೇನೂ ಬಾರದ ಬೋಳು ಕಲ್ಲಿನಲ್ಲಿ, ಬನದಿಂದ ದೂರ ನೆಟ್ಟರೆ ಒಪ್ಪಬಹುದು. ಮಣ್ಣಿರುವ ಜಾಗವನ್ನು ಅದಕ್ಕೆ ಕೊಡಬೇಡಿ. ನೀಲಗಿರಿಯ ವಿಚಾರ ಮುಗಿದಿದೆ, ಹೊಸದಾಗಿ ಬೆಳೆಸುವುದನ್ನು ರಾಜ್ಯ ಸರಕಾರ 2017ರಲ್ಲೇ ನಿಷೇಧಿಸಿದೆ.

ಮಹಾಗನಿಯ ಚಿಗುರನ್ನು ಒಂದು ಹುಳು ಕೊರೆಯುತ್ತದೆ. ತುದಿ ಸತ್ತು, ಕೆಳಗಿನಿಂದ ಎರಡು ಮೂರು ಕವಲೊಡೆದರೆ ನೇರ ದಿಮ್ಮಿಯ ಆಸೆ ಅಲ್ಲಿಗೇ ಹೋಯಿತು. ಬಟ್ಟ ಬಯಲಿನಲ್ಲಿ ಬರೀ ಮಹಾಗನಿಯನ್ನೇ ನೆಟ್ಟರೆ ಈ ಕಾಟ ಹೆಚ್ಚು. ಬೇರೆ ಮರಗಳ ನಡುವೆ, ಅರೆ ನೆರಳಿನಲ್ಲಿ ಒಂದೊಂದಾಗಿ ನೆಟ್ಟರೆ ಕಡಿಮೆ. ಹೆಬ್ಬೇವು ಪ್ಲೈವುಡ್ ಕಾರ್ಖಾನೆಗೆ ಬೇಕಾದ ಮರ, ಬೇಗ ಬೆಳೆಯುತ್ತದೆ. ಆದರೆ ಆಳದ ಮಣ್ಣು ಬೇಕು, ನೀರು ನಿಲ್ಲಬಾರದು. ಶ್ರೀಗಂಧ ಇಷ್ಟು ಮಳೆಯ ಊರಿಗೆ ಹೇಳಿದ್ದಲ್ಲ. ಕಳ್ಳರ ಭಯದಲ್ಲಿ ನಿದ್ದೆಗೆಡುವುದು ಬೇರೆ.

ನನ್ನ ಒಲವು ಊರಿನ ಮರಗಳ ಕಡೆಗೆ. ಹಲಸು, ಹೆಬ್ಬಲಸು, ಹೊನ್ನೆ, ಮತ್ತಿ, ಕಿರಾಲ್‌ಬೋಗಿ. ಹಲಸಿನ ಮರಕ್ಕೆ ಬಾಗಿಲಿನಿಂದ ಮದ್ದಳೆಯವರೆಗೆ ಬೇಡಿಕೆ ಇದೆ, ಕಾಯುವ ವರ್ಷಗಳಲ್ಲಿ ಹಣ್ಣು ಕೊಡುತ್ತದೆ, ಮೈಮೇಲೆ ಕರಿಮೆಣಸಿನ ಬಳ್ಳಿಯನ್ನೂ ಹೊರುತ್ತದೆ. ಹೆಬ್ಬಲಸು ದೀಪದ ಕಂಬದಂತೆ ನೇರ ಏರುತ್ತದೆ. ಕಿರಾಲ್‌ಬೋಗಿ ಈ ಮಣ್ಣಿನದೇ ಮರ. ಹಳೆಯ ಮನೆಗಳ ತೊಲೆ, ಪಕ್ಕಾಸುಗಳಲ್ಲಿ ಅದು ಇಂದಿಗೂ ಗೆದ್ದಲಿಗೆ ಬಗ್ಗದೆ ಕೂತಿದೆ. ನಿಧಾನ ಬೆಳೆಯುತ್ತದೆ, ಎಳೆಯದರಲ್ಲಿ ನೆರಳು ಬೇಡುತ್ತದೆ. ಅದರ ಬೀಜ ಕೂಡಿಡಲು ಬರುವುದಿಲ್ಲ. ಮಳೆಗಾಲದ ಬಾಗಿಲಲ್ಲಿ ಬುಡಕ್ಕೆ ಬಿದ್ದ ಬೀಜವನ್ನು ಅದೇ ವಾರ ಮಣ್ಣಿಗೆ ಹಾಕಬೇಕು, ಒಣಗಿಸಿ ಡಬ್ಬಿಯಲ್ಲಿಟ್ಟರೆ ಸತ್ತುಹೋಗುತ್ತದೆ. ಹೆಬ್ಬಲಸಿನ ಬೀಜವೂ ಹಾಗೆಯೇ.

ಐದು ಎಕರೆ ಇದ್ದರೆ ನಾನು ಹೀಗೆ ಹಂಚುತ್ತೇನೆ: ಇಳಿಜಾರಿನ ಕೆಳಗಿನ ಒಂದೂವರೆ ಎಕರೆಗೆ ಸಾಗುವಾನಿ. ನಡುವಿನ ಎರಡು ಎಕರೆಗೆ ಹಲಸು, ಹೆಬ್ಬಲಸು, ಹೊನ್ನೆ ಬೆರಕೆಯಾಗಿ, ನಡುನಡುವೆ ಮಹಾಗನಿ. ನೆತ್ತಿಯ ಒಂದು ಎಕರೆಗೆ ಗೇರು. ಉಳಿದ ಅರ್ಧ ಎಕರೆ ತೋಡಿಗೆ, ದಾರಿಗೆ. ಕೆಳಗೆ ಅಡಿಕೆ ತೋಟವಿದ್ದರೆ ಅದರ ನೈಋತ್ಯಕ್ಕೆ ಒಂದು ಸಾಲು ಎತ್ತರದ ಮರ ಬರುವಂತೆ ನೋಡಿಕೊಳ್ಳಿ. ಅಡಿಕೆ ಕಾಂಡಕ್ಕೆ ಸಂಜೆಬಿಸಿಲು ತಾಗಿ ಸುಡುವುದು ತಪ್ಪುತ್ತದೆ. ಬೇರು ತೋಟಕ್ಕೆ ನುಗ್ಗದಂತೆ ನಡುವೆ ಒಂದು ಅಗಳು (ಕಂದಕ) ಬೇಕಾಗುತ್ತದೆ.

ನಾಟಿ

ಪತ್ತನಾಜೆಯ (ತುಳುವರಿಗೆ ಮಳೆಗಾಲದ ಮುನ್ಸೂಚನೆಯ ದಿನ, ಮೇ ಕೊನೆಯ ಭಾಗ) ಹೊತ್ತಿಗೆ ಗುಂಡಿಗಳು ಸಿದ್ಧವಾಗಿರಬೇಕು. ಒಂದೂವರೆ ಅಡಿ ಉದ್ದ, ಅಗಲ, ಆಳ. ಮೇಲ್ಮಣ್ಣು ಒಂದು ಬದಿಗೆ, ಅಡಿಮಣ್ಣು ಇನ್ನೊಂದು ಬದಿಗೆ. ಜೂನ್ ಮಳೆ ಹಿಡಿದು ಮಣ್ಣು ಒಂದು ಅಡಿ ತೇವವಾದ ಮೇಲೆ ಮೇಲ್ಮಣ್ಣಿಗೆ ಹಟ್ಟಿಗೊಬ್ಬರ ಬೆರೆಸಿ ಗುಂಡಿ ತುಂಬಿ ನೆಡಿ. ಬುಡ ನೆಲಕ್ಕಿಂತ ಎರಡು ಇಂಚು ಏರಿಯಾಗಿರಲಿ. ನಮ್ಮ ಮಳೆಗೆ ತಗ್ಗಾಗಿ ನೆಟ್ಟ ಗಿಡ ಕೊಳೆಯುತ್ತದೆ. ಪ್ಲಾಸ್ಟಿಕ್ ಚೀಲ ಹರಿದು ತೆಗೆಯುವಾಗ ಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಆ ಸುರುಳಿಯನ್ನು ಕತ್ತರಿಸಿ. ಹಾಗೆಯೇ ನೆಟ್ಟರೆ ಹತ್ತು ವರ್ಷದ ಬಳಿಕ ಜೋರು ಗಾಳಿಗೆ ಆ ಮರ ಬುಡಸಮೇತ ಮಗುಚುತ್ತದೆ. ಖಾಲಿ ಚೀಲಗಳನ್ನೆಲ್ಲ ಎಣಿಸಿ ಮನೆಗೆ ತನ್ನಿ. ಸಾವಿರ ಗಿಡವೆಂದರೆ ಸಾವಿರ ಪ್ಲಾಸ್ಟಿಕ್ ಚೀಲ.

ಸಾಗುವಾನಿಗೆ ಎರಡು ಮೀಟರ್ ಅಂತರವೆಂದರೆ ಎಕರೆಗೆ ಸುಮಾರು ಸಾವಿರ ಗಿಡ, ಮೂರು ಮೀಟರ್ ಎಂದರೆ 450. ಒತ್ತಾಗಿ ನೆಟ್ಟರೆ ಗಿಡ ಗೆಲ್ಲು (ಕೊಂಬೆ) ಒಡೆಯದೆ ನೇರ ಏರುತ್ತದೆ, ಕಡಿಯುವಾಗ ಆಯ್ಕೆಗೂ ಅವಕಾಶವಿರುತ್ತದೆ. ಆದರೆ ಸಮಯಕ್ಕೆ ಕಡಿಯುವ ಧೈರ್ಯ ನಿಮಗಿಲ್ಲವೆಂದಾದರೆ ಮೂರು ಮೀಟರ್‌ಗೇ ನೆಡಿ.

ಮೊದಲ ಮೂರು ವರ್ಷ ಬುಡದ ಸುತ್ತ ಮೂರು ಅಡಿ ಮಾತ್ರ ಕಳೆ ತೆಗೆಯಿರಿ. ಇಡೀ ಗುಡ್ಡವನ್ನು ಬೋಳು ಮಾಡಬೇಡಿ, ಕಳೆನಾಶಕ ಹೊಡೆಯಬೇಡಿ, ಇಳಿಜಾರಿನಲ್ಲಿ ಹೊಡೆದದ್ದೆಲ್ಲ ತೋಡಿಗೇ ಇಳಿಯುತ್ತದೆ. ಬಳ್ಳಿಗಳನ್ನು ಮಾತ್ರ ಹುಡುಕಿ ಕತ್ತರಿಸಿ. ಬೆಂಕಿಯ ಬಗ್ಗೆ ಜನವರಿಯಿಂದ ಮೇ ತಿಂಗಳವರೆಗೆ ಮೈಯೆಲ್ಲ ಕಣ್ಣಾಗಿರಬೇಕು. ಗಡಿಯ ಸುತ್ತ ಹತ್ತು ಅಡಿ ಅಗಲ ತರಗೆಲೆ ಗುಡಿಸಿ ಬೆಂಕಿರೇಖೆ ಮಾಡಿ. ಗುಡಿಸಿದ ತರಗೆಲೆ ಹಟ್ಟಿಗೆ ಹೋಗಲಿ. ತೋಟದ ಅಂಚಿನಲ್ಲಿ ಗೊಬ್ಬರಕ್ಕೆಂದು ಸುಡುಮಣ್ಣು ಮಾಡುವವರು ರಾತ್ರಿ ಹೊಗೆಯಾಡುವ ರಾಶಿ ಬಿಟ್ಟು ಮಲಗುವುದುಂಟು. ನಮ್ಮ ನೆರೆಯಲ್ಲಿ ಮೂರು ವರ್ಷದ ಗಿಡಗಳು ಹಾಗೆ ಒಂದೇ ರಾತ್ರಿಯಲ್ಲಿ ಹೋದವು.

ಕಡಿಯುವ ಧೈರ್ಯ

ಅಪ್ಪನಿಗೆ ಯಾರೂ ಹೇಳದ ಪಾಠ ಇದು. ಅರಣ್ಯದವರು ಇದನ್ನು ವಿರಳಗೊಳಿಸುವುದು ಎನ್ನುತ್ತಾರೆ. ಸಾವಿರ ಸಾಗುವಾನಿ ಇದ್ದರೆ ಐದಾರನೆಯ ವರ್ಷ ಕರ್ಣರೇಖೆಯಲ್ಲಿ ಒಂದು ಬಿಟ್ಟು ಒಂದು ಸಾಲು ಕಡಿದು ಐದುನೂರಕ್ಕೆ ಇಳಿಸಬೇಕು. ಹತ್ತರ ಸುಮಾರಿಗೆ ಮತ್ತೆ ಅರ್ಧ, ಇನ್ನೂರೈವತ್ತು. ಆಮೇಲೆ ಸಾಲಿನ ಲೆಕ್ಕ ಬೇಡ, ಮರ ನೋಡಿ ಆರಿಸಬೇಕು. ಹದಿನೆಂಟು, ಇಪ್ಪತ್ತೈದರ ಆಸುಪಾಸಿನಲ್ಲಿ ಇನ್ನೆರಡು ಬಾರಿ ಮಾಡಿದರೆ ಕೊನೆಗೆ ಎಕರೆಗೆ ಉಳಿಯುವುದು ಎಪ್ಪತ್ತು, ಎಂಬತ್ತು ಮರ.

ಕೇಳಿದರೆ ಎದೆ ಝಲ್ಲೆನ್ನುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ನಮ್ಮ ಮಿಲ್ಲುಗಳಲ್ಲಿ ದಿಮ್ಮಿ ಅಳೆಯುವುದು ಕಾಲು ಸುತ್ತಳತೆಯ ಸೂತ್ರದಲ್ಲಿ. ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿ ಲೆಕ್ಕದ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ. 24 ಇಂಚು ಸುತ್ತಳತೆಯ ಹತ್ತು ಅಡಿ ದಿಮ್ಮಿ: ಆರಾರ್ಲೆ ಮೂವತ್ತಾರು, ಹತ್ತರಿಂದ ಗುಣಿಸಿದರೆ 360, ಅಂದರೆ ಎರಡೂವರೆ ಘನ ಅಡಿ. 48 ಇಂಚಿನ ಅದೇ ಉದ್ದದ ದಿಮ್ಮಿ: ಹನ್ನೆರಡು ಹನ್ನೆರಡಲೆ 144, ಅಂದರೆ ಹತ್ತು ಘನ ಅಡಿ. ಸುತ್ತಳತೆ ಎರಡು ಪಟ್ಟಾದರೆ ಮರ ನಾಲ್ಕು ಪಟ್ಟು. ದಪ್ಪ ದಿಮ್ಮಿಯಲ್ಲಿ ತಿರುಳು ಹೆಚ್ಚು, ಬಿಳಿಮರ ಕಡಿಮೆ, ಹಾಗಾಗಿ ಘನ ಅಡಿಗೆ ಸಿಗುವ ಬೆಲೆಯೂ ಹೆಚ್ಚು. ನಾಲ್ಕು ಸಣಕಲು ಮರಗಳಷ್ಟು ಮರ ಒಂದೇ ದಪ್ಪ ಮರದಲ್ಲಿದೆ, ಹಣ ನಾಲ್ಕಕ್ಕಿಂತ ಹೆಚ್ಚಿನದು.

ಯಾವುದನ್ನು ಕಡಿಯಬೇಕು? ಡೊಂಕಾದದ್ದು, ತುದಿ ಸತ್ತದ್ದು, ಕವಲೊಡೆದದ್ದು, ಬಂದಳಿಕೆ ಹತ್ತಿದ್ದು ಮೊದಲು. ಆಮೇಲೆ ಉಳಿಸಬೇಕಾದ ಮರದ ನೆತ್ತಿಗೆ ತಾಗಿ ನಿಂತದ್ದು. ಬುಡ ನೋಡಿ ಆರಿಸಬೇಡಿ. ಕತ್ತು ಎತ್ತಿ ಎಲೆಯ ಕೊಡೆ ನೋಡಿ. ನಾನು ಮೊದಲು ಉಳಿಸುವ ಮರಕ್ಕೆ ಬಿಳಿ ಬಣ್ಣದ ಪಟ್ಟಿ ಹಾಕುತ್ತೇನೆ, ಆಮೇಲೆ ಅದಕ್ಕೆ ಅಡ್ಡಿಯಾದದ್ದಕ್ಕೆ ಕೆಂಪು. ಬೆಳೆದ ಮೇಲೆ ಬೇಡಿಕೆ ಬರುವ ಮರವನ್ನೇ ಈಗ ಒಳ್ಳೆಯ ಬೆಲೆ ಸಿಗುತ್ತದೆಂದು ಕಡಿದು ಕಳಪೆಯನ್ನು ಉಳಿಸಿದರೆ ತೋಟ ಅಲ್ಲಿಗೆ ಮುಗಿಯಿತು. ವ್ಯಾಪಾರಿಗೆ ‘ನಿಮಗೆ ಬೇಕಾದ್ದು ಕಡಿದುಕೊಳ್ಳಿ’ ಎನ್ನುವವರು ಮಾಡುವುದು ಇದನ್ನೇ.

2014ರಲ್ಲಿ ನಾವು ಒಂದೇ ಬಾರಿಗೆ ಅರ್ಧ ಮರ ಕಡಿಯುವುದಕ್ಕೆ ಹೊರಟಿದ್ದೆವು. ಮಿಲ್ಲಿನ ಹಿರಿಯರೊಬ್ಬರು ತಡೆದರು. ‘ಹದಿನೆಂಟು ವರ್ಷ ಒಂದಕ್ಕೊಂದು ಒರಗಿ ನಿಂತಿವೆ ಮಾರಾಯರೇ, ಒಮ್ಮೆಲೇ ಬಿಟ್ಟರೆ ಮುಂದಿನ ಗಾಳಿಗೆ ಮಲಗುತ್ತವೆ’ ಎಂದರು. ಮೂರು ಕಂತುಗಳಲ್ಲಿ, ಎರಡೆರಡು ವರ್ಷ ಬಿಟ್ಟು ಕಡಿದೆವು. ತಡವಾದ ತೋಟಕ್ಕೆ ಅದೇ ದಾರಿ. ಇಂದು ಒಳಗಿನ ಸಾಲುಗಳಲ್ಲಿ 30 ಇಂಚು ದಾಟಿದ ಮರಗಳಿವೆ. ಅಪ್ಪ ಅದನ್ನು ನೋಡಿದರು.

ಪ್ರತಿ ಜನವರಿಯಲ್ಲಿ ಇಪ್ಪತ್ತು ಮರಗಳನ್ನಾದರೂ ಅಳೆಯಿರಿ. ನೆಲದಿಂದ ನಾಲ್ಕೂವರೆ ಅಡಿಗೆ ಬಣ್ಣದ ಗೆರೆ ಹಾಕಿ, ಪ್ರತಿ ವರ್ಷ ಅದೇ ಗೆರೆಯ ಮೇಲೆ ಟೇಪು ಸುತ್ತಿ, ಪುಸ್ತಕದಲ್ಲಿ ಬರೆಯಿರಿ. ಬೆಳವಣಿಗೆ ಎರಡು ವರ್ಷ ಕುಗ್ಗಿದರೆ ತೋಟ ಬಿಸಿಲು ಬೇಡುತ್ತಿದೆ ಎಂದರ್ಥ.

ಗೆಲ್ಲು, ಬಂದಳಿಕೆ, ಹುಳು

ಗೆಲ್ಲು ಸವರುವುದು ಒಣ ದಿನಗಳಲ್ಲಿ, ಹೆಬ್ಬೆರಳಿನಷ್ಟು ದಪ್ಪವಿರುವಾಗಲೇ, ಗರಗಸದಿಂದ. ಕತ್ತಿಯಿಂದ ಹೊಡೆದರೆ ಕಾಂಡ ಸೀಳುತ್ತದೆ. ಗೆಲ್ಲಿನ ಬುಡದ ಉಬ್ಬನ್ನು ಬಿಟ್ಟು ಕೊಯ್ದರೆ ಗಾಯ ಬೇಗ ಮಾಯುತ್ತದೆ. ಎಳೆಯ ಮರದಲ್ಲಿ ಎತ್ತರದ ಕೆಳಗಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸವರಬೇಡಿ. ಬಂದಳಿಕೆಯನ್ನು ಹಣ್ಣು ಬಿಡುವ ಮೊದಲೇ, ಅದು ಕೂತ ಗೆಲ್ಲಿನ ಸಮೇತ ತೆಗೆಸಬೇಕು.

ಮುಂಗಾರಿನ ಆರಂಭದಲ್ಲಿ ಸಾಗುವಾನಿ ಚಿಗುರಿದೊಡನೆ ಎಲೆ ತಿನ್ನುವ ಹುಳುಗಳ ದಂಡು ಬರುತ್ತದೆ. ತೋಟದಲ್ಲಿ ನಿಂತರೆ ಮಳೆಯಿಲ್ಲದೆ ತುಂತುರಿನ ಸದ್ದು ಕೇಳಿಸುತ್ತದೆ. ಅದು ಮೇಲಿನಿಂದ ಉದುರುವ ಹುಳದ ಹಿಕ್ಕೆ. ವಾರದಲ್ಲಿ ಮರಗಳು ಬೋಳು. ಗಾಬರಿಯಾಗಿ ಔಷಧಿ ಹೊಡೆಸಬೇಡಿ, ಮರ ಮತ್ತೆ ಚಿಗುರುತ್ತದೆ, ಆ ವರ್ಷದ ಬೆಳವಣಿಗೆ ಒಂದಿಷ್ಟು ಕುಗ್ಗುತ್ತದೆ ಅಷ್ಟೆ. ಔಷಧಿ ಹುಳುವನ್ನು ತಿನ್ನುವ ಹಕ್ಕಿಯನ್ನೂ ಚಗಳಿ ಇರುವೆಯನ್ನೂ ಓಡಿಸುತ್ತದೆ. ಪೊಟರೆ ಇರುವ ಹಳೆಯ ಮರ ಜಾಗದಲ್ಲಿದ್ದರೆ ಮಿಲ್ಲಿಗೆ ಅದರಿಂದ ಪ್ರಯೋಜನವಿಲ್ಲ. ಮಂಗಟ್ಟೆ ಹಕ್ಕಿಗೂ ಗೂಬೆಗೂ ಅದೇ ಮನೆ. ಅದನ್ನು ಬಿಡಿ.

ಮಾರಾಟ ಮತ್ತು ಕಡಿಯುವ ದಿನ

ನಿಂತ ಮರವನ್ನು ‘ಒಟ್ಟು ಇಷ್ಟಕ್ಕೆ’ ಎಂದು ಕೊಡಬೇಡಿ. ಕಡಿದ ಮೇಲೆ ಅಳೆದು, ಘನ ಅಡಿಯ ದರದಲ್ಲಿ ಕೊಡಿ. ಅಳೆಯುವಾಗ ನೀವೂ ಟೇಪಿನ ಒಂದು ತುದಿ ಹಿಡಿಯಬೇಕು. 48 ಇಂಚಿನ ದಿಮ್ಮಿಯನ್ನು 44 ಎಂದು ಬರೆದುಕೊಂಡರೆ ಹತ್ತು ಘನ ಅಡಿ ಎಂಟೂವರೆಗಿಂತ ಕೆಳಗಿಳಿಯುತ್ತದೆ. ಈ ಸೂತ್ರವೇ ನಿಜವಾದ ಮರಕ್ಕಿಂತ ಐದನೆಯ ಒಂದು ಭಾಗದಷ್ಟು ಕಡಿಮೆ ತೋರಿಸುತ್ತದೆ. ಅದು ತೊಗಟೆ, ಹಲಗೆ ಕೊಯ್ಯುವ ನಷ್ಟಕ್ಕೆ ಬಿಟ್ಟ ರಿಯಾಯಿತಿ. ಅದರ ಮೇಲೆ ಇನ್ನೊಂದು ಕಡಿತಕ್ಕೆ ಒಪ್ಪಬೇಕಿಲ್ಲ. ಕಡಿಯುವ ಅನುಮತಿ ಮತ್ತು ಸಾಗಾಟದ ಪರವಾನಿಗೆಯನ್ನು ಯಾರು ಮಾಡಿಸಬೇಕು, ಗೆಲ್ಲು ಸೌದೆ ಯಾರಿಗೆ, ಅಡಿಕೆ ಮರ ಮುರಿದರೆ ಪರಿಹಾರ ಎಷ್ಟು, ಎಲ್ಲವನ್ನೂ ಮುಂಚೆಯೇ ಬರೆಸಿಕೊಳ್ಳಿ. ಪರವಾನಿಗೆಯಿಲ್ಲದೆ ಲಾರಿ ಹೊರಟರೆ ದಾರಿಯಲ್ಲಿ ಸಿಕ್ಕಿಬೀಳುವುದು ನಿಮ್ಮ ಹೆಸರು.

ಕಡಿಯುವವರ ಜೀವದ ಹೊಣೆಯೂ ಜಾಗದ ಯಜಮಾನರದ್ದು ಎಂದು ನಾನು ನಂಬುತ್ತೇನೆ. ಹೆಲ್ಮೆಟ್, ಬೂಟು, ಕಣ್ಣಿಗೆ ಕನ್ನಡಕ ಇಲ್ಲದವರ ಕೈಗೆ ಯಂತ್ರದ ಗರಗಸ ಕೊಡಬೇಡಿ, ಅಪಘಾತ ವಿಮೆ ಇದೆಯೇ ಎಂದು ಕೇಳಿ. ಒಬ್ಬರೇ ಕಡಿಯುವುದು ಬೇಡ. ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಬೇರೆ ಯಾರೂ ಇರಬಾರದು. ಬೀಳುವ ಬದಿಗೆ ಕಾಲು ಭಾಗ ಕಚ್ಚು ಹಾಕಿ, ಹಿಂದಿನಿಂದ ಕೊಯ್ಯುವಾಗ ನಡುವೆ ಒಂದು ಪಟ್ಟಿಯನ್ನು ಪೂರ್ತಿ ಕೊಯ್ಯದೆ ಬಿಡಬೇಕು. ಬಾಗಿಲಿನ ತಿರುಗಣೆಯಂತೆ ಅದೇ ಮರವನ್ನು ದಿಕ್ಕು ತಪ್ಪದೆ ಮಲಗಿಸುತ್ತದೆ. ತಂತಿಯ ಹತ್ತಿರದ ಮರವಾದರೆ ಮೆಸ್ಕಾಂಗೆ ತಿಳಿಸಿ ವಿದ್ಯುತ್ ಕಡಿತ ಮಾಡಿಸಿದ ಮೇಲೆಯೇ ಕೆಲಸ. ನವೆಂಬರ್‌ನಿಂದ ಫೆಬ್ರವರಿ ಇದಕ್ಕೆ ತಕ್ಕ ಕಾಲ. ನೆಲ ಗಟ್ಟಿಯಿರುತ್ತದೆ, ಮರದಲ್ಲಿ ನೀರು ಕಡಿಮೆಯಿರುತ್ತದೆ.

ಇಡೀ ಗುಡ್ಡವನ್ನು ಒಂದೇ ವರ್ಷ ಬೋಳಿಸಬೇಡಿ. ಮೂರು ತುಂಡು ಮಾಡಿ, ಒಂದು ತುಂಡಿನಲ್ಲಿ ಹೊಸ ಗಿಡ ಹಿಡಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಸಾಗುವಾನಿಯ ಬುಡ ಕೀಳಬೇಡಿ, ಅದು ಮತ್ತೆ ಚಿಗುರುತ್ತದೆ. ಬಂದ ಚಿಗುರುಗಳಲ್ಲಿ ನೆಲಕ್ಕೆ ಹತ್ತಿರವಾದ, ಬಲವಾದ ಒಂದನ್ನು ಉಳಿಸಿ. ಕಿರುಗೆಲ್ಲು, ಸೊಪ್ಪನ್ನು ಸುಡದೆ ಇಳಿಜಾರಿಗೆ ಅಡ್ಡಲಾಗಿ ಸಾಲು ಹಾಕಿ. ಕೊನೆಯ ಲಾರಿ ಹೋದ ಮೇಲೆ ಅದರ ಚಕ್ರ ಕೊರೆದ ಹಳ್ಳಗಳು ಗುಡ್ಡದ ಮೇಲಿನಿಂದ ಕೆಳಗಿನವರೆಗೆ ನೇರ ಗೆರೆಯಾಗಿ ಉಳಿದಿರುತ್ತವೆ. ಜೂನ್ ಮಳೆಗೆ ಅದೇ ಹೊಸ ತೋಡಾಗಿ ಮಣ್ಣನ್ನೆಲ್ಲ ಕೆಳಗಿನ ಗದ್ದೆಗೆ ಇಳಿಸುತ್ತದೆ. ಪತ್ತನಾಜೆಗೆ ಮೊದಲು ಎರಡು ಆಳು ಹಚ್ಚಿ ಆ ಹಳ್ಳ ಮುಚ್ಚಿಸಿ, ಇಪ್ಪತ್ತು ಅಡಿಗೊಂದರಂತೆ ಓರೆಯಾಗಿ ಮಣ್ಣಿನ ದಿಂಡು ಹಾಕಿಸಿ, ನೀರನ್ನು ಹುಲ್ಲಿನ ಕಡೆಗೆ ತಿರುಗಿಸಿ.